ಭಟ್ಕಳದ ಕಲ್ಲುಮಾಡುಗಳು

ಪಟ್ಟದಕಲ್ಲು, ಇಟಗಿಗಳ ಶಿಖರಗಳನ್ನು ಕಂಡ ವಿದ್ಯಾರ್ಥಿಯು ಭಟ್ಕಳಕ್ಕೆ ಬಂದಾಗ ಮೊದಲು ನಿರಾಶನಾಗುವುದು ಸಹಜ. ಇಲ್ಲಿಯ ಗುಡಿ-ಬಸದಿಗಳು ಗಗನಕ್ಕೇರುವುದಿಲ್ಲ. ರೈತನ ಮನೆಯಂತೆ ಇಳಿಜಾರಾದ ಮಾಡನ್ನು ಹೊದ್ದು ನೆಲಕ್ಕೆ ಸಮೀಪವಾಗಿ ಕುಳಿತಿವೆ. ಆದರೆ ಆ ಮಾಡು ಹುಲ್ಲಿನದೂ ಅಲ್ಲ, ಹಂಚಿನದೂ ಅಲ್ಲ, ಕಲ್ಲುಹಲಗೆಗಳದು. ಭಟ್ಕಳದ ವಾಸ್ತುವನ್ನು ಅರಿಯಲು ಇದೇ ಕೀಲಿಕೈ.

ಭಟ್ಕಳವು ವಿಜಯನಗರದ ಕಾಲದಲ್ಲಿ ಹೆಸರಾಂತ ರೇವು. ಕಡಲಾಚೆಯಿಂದ ಕುದುರೆಗಳು ಬಂದಿಳಿಯುತ್ತಿದ್ದವು. ಮೆಣಸು, ಅಕ್ಕಿ, ಸಕ್ಕರೆಗಳು ಹೊರಡುತ್ತಿದ್ದವು. 1542ರಲ್ಲಿ ಪೋರ್ಚುಗೀಸರು ಊರನ್ನು ಸುಟ್ಟರೂ ಇಲ್ಲಿಯ ನಿರ್ಮಾಣಕಾರ್ಯ ನಿಲ್ಲಲಿಲ್ಲ. ಇಂದು ನಾವು ಕಾಣುವ ಪ್ರಮುಖ ಕಟ್ಟಡಗಳು ಬಹುಮಟ್ಟಿಗೆ 16ನೆಯ ಶತಮಾನದವು.

ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯಲ್ಲಿ ಅಗ್ರಶಾಲೆ, ಭೋಗಮಂಟಪ, ಬಸದಿ ಎಂಬ ಮೂರು ಅಂಗಗಳಿವೆ. ಬಸದಿಯು ಎರಡು ಅಂತಸ್ತಿನದು. ಮುಂದೆ ಮಾನಸ್ತಂಭವಿದೆ. ಕೇತಪೈ ನಾರಾಯಣ ದೇವಾಲಯವು ವರ್ತಕ ಮನೆತನವೊಂದರ ಕೊಡುಗೆ. ಅದರ ಮಂಟಪಕ್ಕೆ ಕಲ್ಲಿನ ಪಟ್ಟಿಗಳನ್ನು ಸಾಲಾಗಿ ಜೋಡಿಸಿ ಮರೆ ಮಾಡಿದ್ದಾರೆ. ದೂರದಿಂದ ನೋಡಿದರೆ ಮರದ ಪಟ್ಟಿಗಳೆಂದೇ ಭ್ರಮೆಯಾಗುವುದು. ಗೋಡೆಯ ಮೇಲೆ ರಾಮಾಯಣದ ಪ್ರಸಂಗಗಳನ್ನು ಕೆತ್ತಿದೆ. ಬಡಗಿಯ ಕೆಲಸವನ್ನು ಕಲ್ಲುಕುಟಿಗನು ಎಷ್ಟು ನಿಷ್ಠೆಯಿಂದ ಅನುಸರಿಸಿದ್ದಾನೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಕಾರಣವು ಆಕಾಶದಲ್ಲಿಯೇ ಇದೆ. ಈ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ; ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಸಮತಲವಾದ ಮಾಳಿಗೆ ಇಲ್ಲಿ ಬಾಳದು. ಆದುದರಿಂದ ಹಲಗೆಗಳನ್ನು ಇಳಿಜಾರಾಗಿ ಹಾಸಿ, ಎರಡು ಹಲಗೆಗಳ ಸಂದಿನ ಮೇಲೆ ಉದ್ದನೆಯ ಕಲ್ಲುಪಟ್ಟಿಯನ್ನು ಕವುಚಿದರು. ಮುಂಚಾಚಿದ ಸೂರು ಗೋಡೆಯನ್ನು ಕಾಯುತ್ತದೆ.

ಜೇಮ್ಸ್ ಫರ್ಗ್ಯೂಸನ್ನನು 1876ರ ತನ್ನ ಗ್ರಂಥದಲ್ಲಿ ಕನ್ನಡ ಕರಾವಳಿಯ ಜೈನ ಕಟ್ಟಡಗಳಿಗೂ ನೇಪಾಳದ ಕಟ್ಟಡಗಳಿಗೂ ಹೋಲಿಕೆಯನ್ನು ಕಂಡನು. ಹೋಲಿಕೆಯೇನೋ ನಿಜ, ಆದರೆ ಅದನ್ನು ವಿವರಿಸಲು ಹಿಮಾಲಯದವರೆಗೆ ಹೋಗಬೇಕಾದ ಅಗತ್ಯವಿಲ್ಲ. ಮಳೆ ಕಡಮೆಯಿರುವ ಐಹೊಳೆಯ ಲಾಡಖಾನ ಗುಡಿಯಲ್ಲಿಯೇ, ಭಟ್ಕಳಕ್ಕಿಂತ ಎಷ್ಟೋ ಶತಮಾನ ಮೊದಲು, ಇಳಿಜಾರು ಹಲಗೆಗಳೂ ಸಂದು ಮುಚ್ಚುವ ಪಟ್ಟಿಗಳೂ ಇವೆ. ಕನ್ನಡ ನಾಡಿನ ಶಿಲ್ಪಿಗಳಿಗೆ ಈ ಉಪಾಯ ಹೊಸದಲ್ಲ. ಕರಾವಳಿಯ ಮಳೆಯು ಅದನ್ನು ಅನಿವಾರ್ಯವಾಗಿಸಿತು.

ಇದು ಬರಿಯ ವಿದ್ವತ್ತಿನ ಚರ್ಚೆಯಲ್ಲ. ಮಾಡಿನ ಮರ್ಮ ತಿಳಿಯದವರಿಗೆ ಕಲ್ಲುಪಟ್ಟಿಯು ಅಲಂಕಾರವಾಗಿ ತೋರುತ್ತದೆ; ಅದು ಜಾರಿದರೆ ನೀರು ಗರ್ಭಗೃಹಕ್ಕೇ ಇಳಿಯುವುದೆಂಬುದು ಹೊಳೆಯುವುದಿಲ್ಲ. ಮೇಲಿನ ಎರಡು ಕಟ್ಟಡಗಳು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ. ಹಳ್ಳಿಯ ಸಣ್ಣ ಗುಡಿಗಳಿಗಾದರೋ ಆ ಭಾಗ್ಯವಿಲ್ಲ. ಜೀರ್ಣೋದ್ಧಾರವೆಂದರೆ ಹಳೆಯದನ್ನು ಕಳಚಿ ಕಾಂಕ್ರೀಟು ಹಾಕುವುದೆಂಬ ಭಾವನೆ ಬಲವಾಗಿರುವಾಗ, ಅಳತೆಯೊಂದೂ ಉಳಿಯದಂತೆ ಅವು ಮರೆಯಾಗಬಹುದು.

ಆದುದರಿಂದ ಅಧ್ಯಾಪಕರು ವಿದ್ಯಾರ್ಥಿಗಳನ್ನು ಇಲ್ಲಿಗೆ ಕರೆತರುವಾಗ ಅಳತೆಪಟ್ಟಿಯನ್ನೂ ನಕ್ಷೆಯ ಹಾಳೆಯನ್ನೂ ಮರೆಯದಿರಲಿ. ಸಾಧ್ಯವಾದರೆ ಒಮ್ಮೆ ಆಷಾಢದಲ್ಲಿ ಬರಲಿ. ಮಾಡಿನ ಮೇಲೆ ಬಿದ್ದ ನೀರು ಯಾವ ದಾರಿಯಿಂದ ಇಳಿದು ಎಲ್ಲಿ ಬೀಳುವುದೆಂಬುದನ್ನು ಕಣ್ಣಾರೆ ಕಂಡವನಿಗೆ ಭಟ್ಕಳದ ಶಿಲ್ಪಿಯ ಅಭಿಪ್ರಾಯವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.