ಅರ್ಹತೆಯನ್ನು ಅಳೆಯುವ ವಿದ್ಯೆ

ದುಡಿಮೆಯ ಸ್ಥಳದಲ್ಲಿ ಮನುಷ್ಯರ ವರ್ತನೆಯನ್ನು ಅಧ್ಯಯನ ಮಾಡುವ ಔದ್ಯಮಿಕ ಮತ್ತು ಸಾಂಸ್ಥಿಕ ಮನೋವಿಜ್ಞಾನದ ಸ್ನಾತಕೋತ್ತರ ಪದವಿಗೆ ಅಮೆರಿಕದಲ್ಲಿ ಸಾಮಾನ್ಯವಾಗಿ 2 ವರ್ಷ ಹಿಡಿಯುತ್ತದೆ. ಅದರಲ್ಲಿ ಸಂಖ್ಯಾಶಾಸ್ತ್ರದ ಪಾಲು ದೊಡ್ಡದಾಗಿರುವುದು, ಜನರೊಡನೆ ಬೆರೆಯುವ ಆಸೆಯಿಂದ ಸೇರಿದವರನ್ನು ಮೊದಮೊದಲು ಕಂಗೆಡಿಸುವುದುಂಟು. ಆದರೆ ಅದು ಅನಿವಾರ್ಯ. ಒಂದು ಹುದ್ದೆಯ ನಿತ್ಯದ ಕೆಲಸಗಳನ್ನು ಬಿಡಿಬಿಡಿಯಾಗಿ ಪರಿಶೀಲಿಸುವ 'ಉದ್ಯೋಗ ವಿಶ್ಲೇಷಣೆ'ಯನ್ನು ಕಲಿತ ವಿದ್ಯಾರ್ಥಿಗಳು, ಅದನ್ನಾಧರಿಸಿ ಸಂದರ್ಶನದ ಪ್ರಶ್ನೆಗಳನ್ನು ರಚಿಸಿ, ಎಲ್ಲ ಅಭ್ಯರ್ಥಿಗಳಿಗೂ ಅವನ್ನೇ ಕೇಳಿ, ಮೊದಲೇ ಗೊತ್ತುಪಡಿಸಿದ ಮಾನದಂಡದಂತೆ ಅಂಕ ನೀಡುವುದನ್ನೂ, ಆ ಅಂಕಕ್ಕೂ ಮುಂದಿನ ಕಾರ್ಯಕ್ಷಮತೆಗೂ ಇರುವ ನಂಟನ್ನು, ಅಂದರೆ 'ಸಪ್ರಮಾಣತೆ'ಯನ್ನು, ಸಂಖ್ಯಾಶಾಸ್ತ್ರದ ನೆರವಿನಿಂದ ಲೆಕ್ಕ ಹಾಕುವುದನ್ನೂ ಅಭ್ಯಾಸ ಮಾಡುತ್ತಾರೆ. ನಂಟು ಪರಿಪೂರ್ಣವಾಗಿದ್ದರೆ ಅದರ ಬೆಲೆ 1. ಮನೋವಿಜ್ಞಾನಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ಇಂಥ ವ್ಯವಸ್ಥಿತ ಸಂದರ್ಶನದ ಸರಾಸರಿ ಸಪ್ರಮಾಣತೆ 0.42 ಇದ್ದರೆ, ಮನಬಂದಂತೆ ನಡೆಯುವ ಸಂದರ್ಶನದ್ದು 0.19 ಮಾತ್ರ; ಮುಲಾಜು, ಪೂರ್ವಗ್ರಹಗಳು ಸುಲಭವಾಗಿ ನುಸುಳುವುದೂ ಈ ಎರಡನೆಯದರಲ್ಲೇ.