ಆರದ ಉರಿ

ದೇಹದೊಳಗೆ ರೋಗಾಣು ಹೊಕ್ಕಾಗ ಆ ಭಾಗವು ಕೆಂಪಾಗಿ, ಬಿಸಿಯೇರಿ, ಬಾತು ನೋಯುವುದು ಎಲ್ಲರ ಅನುಭವ. ಇದೇ ಉರಿಯೂತ. ಇದು ದೇಹವು ತನ್ನನ್ನು ಕಾಯ್ದುಕೊಳ್ಳುವ ಕ್ರಮ. ಕಾರ್ಯ ಮುಗಿದೊಡನೆ ಶಮನವಾಗತಕ್ಕುದು. ಶಮನವಾಗದಿದ್ದರೆ ಒದಗುವ ವಿಪತ್ತನ್ನು ‘ಕ್ರಾನಿಕ್ ಗ್ರಾನ್ಯುಲೊಮಾಟಸ್’ ಎಂಬ ಅಪರೂಪದ ಆನುವಂಶಿಕ ವ್ಯಾಧಿಯು ತೋರಿಸಿಕೊಡುತ್ತದೆ.

ಅಮೆರಿಕದ ಮಿನ್ನೆಸೋಟದ ವೈದ್ಯರು 1957ರಲ್ಲಿ ಇದನ್ನು ವರ್ಣಿಸಿದಾಗ, ಬಾಲ್ಯದ ಮಾರಕ ವ್ಯಾಧಿಯೆಂದೇ ಕರೆದಿದ್ದರು. ಈ ಮಕ್ಕಳಲ್ಲಿ ಬಿಳಿಯ ರಕ್ತಕಣಗಳಿಗೆ ಕೊರತೆಯಿಲ್ಲ. ಅವು ರೋಗಾಣುವನ್ನು ನುಂಗುತ್ತವೆ, ಆದರೆ ಕೊಲ್ಲಲಾರವು. ಆರೋಗ್ಯವಂತರಲ್ಲಿ ಈ ಕಣಗಳ ಪೊರೆಯಲ್ಲಿರುವ ಕಿಣ್ವವೊಂದು ಆಮ್ಲಜನಕವನ್ನು ‘ಸೂಪರಾಕ್ಸೈಡ್’ ಎಂಬ ಉಗ್ರರೂಪಕ್ಕೆ ಮಾರ್ಪಡಿಸಿ ರೋಗಾಣುವಿನ ನಾಶಕ್ಕೆ ನೆರವಾಗುತ್ತದೆ. ಹಲವು ಪ್ರೋಟೀನುಗಳು ಕೂಡಿ ಆಗುವ ಆ ಕಿಣ್ವದ ಒಂದು ಭಾಗ ಈ ಮಕ್ಕಳಲ್ಲಿ ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಅವುಗಳಲ್ಲಿ 1986ರಲ್ಲಿ ಪತ್ತೆಯಾದ ಮುಖ್ಯ ವಂಶವಾಹಿಯು ಎಕ್ಸ್ ವರ್ಣತಂತುವಿನಲ್ಲಿದೆ. ಗಂಡುಮಕ್ಕಳೇ ಹೆಚ್ಚಾಗಿ ಬಳಲುವುದಕ್ಕೆ ಇದೇ ಕಾರಣ. ತಂದೆತಾಯಿ ಇಬ್ಬರಿಂದಲೂ ದೋಷ ಬರುವ ಬಗೆಯೂ ಉಂಟು. ರಕ್ತಸಂಬಂಧದ ವಿವಾಹಗಳಿರುವೆಡೆ ಅದು ಹೆಚ್ಚು.

ಸೋಂಕು ತಗಲುವುದು ಸಹಜವೇ. ವಿಸ್ಮಯವೆಂದರೆ, ರೋಗಾಣುವಿನ ಸುಳಿವೇ ಇಲ್ಲದೆಡೆಯೂ ಉರಿಯೂತವೇಳುತ್ತದೆ. ಕರುಳು ಹುಣ್ಣಾಗುತ್ತದೆ, ಜಠರದ ಹೊರದಾರಿಯಲ್ಲಿ, ಮೂತ್ರಮಾರ್ಗದಲ್ಲಿ ಜೀವಕೋಶಗಳು ಗಂಟುಗಟ್ಟಿ ದಾರಿಯನ್ನೇ ಮುಚ್ಚುತ್ತವೆ.

ಇದರ ಮೂಲ ಜೀವಕೋಶಗಳಲ್ಲಿಯೇ ಇದೆ. ಮೊದಲನೆಯದಾಗಿ, ಕೆಲಸ ಮುಗಿಸಿದ ಬಿಳಿಯ ಕಣಗಳು ಸಕಾಲದಲ್ಲಿ ಸಾಯುವುದಿಲ್ಲ. ಸತ್ತವನ್ನು ದೊಡ್ಡ ಭಕ್ಷಕಕೋಶಗಳು ಬೇಗನೆ ತೆರವು ಮಾಡುವುದಿಲ್ಲ. ಉಳಿದ ಕಶ್ಮಲವೇ ಹೊಸ ಉರಿಯೂತಕ್ಕೆ ಇಂಧನ. ಎರಡನೆಯದಾಗಿ, ಸೂಪರಾಕ್ಸೈಡ್ ಮತ್ತು ಅದರಿಂದ ಹುಟ್ಟುವ ವಸ್ತುಗಳು ಉರಿಯೂತದ ಸಂದೇಶಗಳಿಗೆ ಕಡಿವಾಣವೂ ಹೌದು. ಅವು ಇಲ್ಲವಾದಾಗ ಸಂದೇಶಗಳು ಮಿತಿಮೀರುತ್ತವೆ. ಮೂರನೆಯದಾಗಿ, ಕೋಶವು ತನ್ನೊಳಗಿನ ಹಳತನ್ನು ಅರಗಿಸಿಕೊಳ್ಳುವ ಸ್ವಭಕ್ಷಣ ಕ್ರಿಯೆ ಕುಂದಿ, ‘ಇಂಟರ್‌ಲ್ಯೂಕಿನ್-1’ ಎಂಬ ಉದ್ರೇಕಕಾರಿ ಪ್ರೋಟೀನು ಅಧಿಕವಾಗುತ್ತದೆ.

ಚಿಕಿತ್ಸೆಯ ಇಕ್ಕಟ್ಟೂ ಇಲ್ಲಿಯೇ. ಉರಿಯೂತವನ್ನಡಗಿಸುವ ಸ್ಟೀರಾಯ್ಡ್ ಔಷಧಿಗಳು ಗಂಟುಗಳನ್ನು ಕರಗಿಸುತ್ತವೆ. ಆದರೆ ಮೊದಲೇ ಕ್ಷೀಣವಾದ ರಕ್ಷಣೆಯನ್ನು ಮತ್ತಷ್ಟು ಕುಗ್ಗಿಸುತ್ತವೆ. ಆದಕಾರಣ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳನ್ನು ತಡೆಯುವ ಔಷಧಿಗಳನ್ನು ನಿತ್ಯವೂ ಕೊಡುತ್ತಾರೆ. ಹೊಂದುವ ದಾನಿಯಿಂದ ಅಸ್ಥಿಮಜ್ಜೆಯ ಕಸಿ ಮಾಡಿದಲ್ಲಿ ರೋಗವನ್ನು ಮೂಲದಲ್ಲಿಯೇ ನಿವಾರಿಸಬಹುದು.

ಪದೇ ಪದೇ ಕೀವುಗಟ್ಟುವ ಗ್ರಂಥಿಗಳು, ಬಿ.ಸಿ.ಜಿ. ಲಸಿಕೆಯ ತರುವಾಯ ಕಂಕುಳಲ್ಲಿ ವಾಸಿಯಾಗದ ಬಾವು, ಯಕೃತ್ತಿನಲ್ಲಿ ಕೀವು, ಇವು ಕಂಡುಬಂದ ಮಗುವಿಗೆ ರಕ್ತಪರೀಕ್ಷೆ ಅವಶ್ಯ. ರೋಗ ಖಚಿತವಾದ ಮಗುವನ್ನು ಗೊಬ್ಬರದ ಗುಂಡಿ, ಕೊಳೆತ ಎಲೆ, ಬೂಸಲು ಹಿಡಿದ ಹುಲ್ಲುಗಳಿಂದ ದೂರವಿಡಬೇಕು. ಅವುಗಳಿಂದೇಳುವ ಶಿಲೀಂಧ್ರದ ಧೂಳು ಪ್ರಾಣಾಂತಿಕವಾಗಬಹುದು.

ಶತ್ರುವನ್ನು ದಹಿಸುವ ಶಕ್ತಿಯೇ ದೇಹದ ಉರಿಯನ್ನು ಆರಿಸುವ ಶಕ್ತಿಯೂ ಆಗಿದೆಯೆಂಬುದು ಈ ವ್ಯಾಧಿ ಕಲಿಸುವ ಪಾಠ. ಅದನ್ನರಿತು ಸಕಾಲದಲ್ಲಿ ಎಚ್ಚೆತ್ತರೆ, ಒಂದು ಕಾಲಕ್ಕೆ ಮಾರಕವೆನಿಸಿದ್ದ ರೋಗದಿಂದ ಮಗುವನ್ನು ಉಳಿಸಿಕೊಳ್ಳಬಹುದು.