ಬೀಟೆ ಕುರ್ಚಿಯ ಬೆನ್ನು ನೋಡಿ

ಭಾನುವಾರ ಬೆಳಿಗ್ಗೆ ಆರೂವರೆಗೆ ಬಿವಿಕೆ ಅಯ್ಯಂಗಾರ್ ರಸ್ತೆಗೆ ಹೋದರೆ ವಾರವೆಲ್ಲ ಕಂಡ ರಸ್ತೆಯ ಗುರುತೇ ಹತ್ತುವುದಿಲ್ಲ. ವೈರು, ಸ್ವಿಚ್ಚು, ಫ್ಯಾನುಗಳ ಅಂಗಡಿಗಳು ಶಟರ್ ಎಳೆದಿರುತ್ತವೆ. ಶಟರಿನ ಮುಂದೆ ಟಾರ್ಪಾಲು, ಗೋಣಿತಾಟು ಹಾಸಿ, ಊರಿನ ಮನೆಗಳು ಹೊರಹಾಕಿದ ಸಾಮಾನೆಲ್ಲ ಬಂದು ಕೂತಿರುತ್ತದೆ. ನಿಂತುಹೋದ ಗೋಡೆ ಗಡಿಯಾರ, ಹಿತ್ತಾಳೆ ಬೀಗ, ಟೈಪ್‌ರೈಟರು, ವಾಲ್ವ್ ರೇಡಿಯೊ, ಜೋಡಿ ಕಳೆದುಕೊಂಡ ಡಂಬೆಲ್ಲು, ಯಾರದೋ ಮದುವೆಯ ಚೌಕಟ್ಟು ಹಾಕಿಸಿದ ಫೋಟೊ. ಇದು ಬೆಂಗಳೂರಿನ ಸಂಡೇ ಬಜಾರ್. ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಚೋರ್ ಬಜಾರ್ ಎಂದು ಕರೆಯುವವರೂ ಇದ್ದಾರೆ. ನನಗೆ ಆ ಹೆಸರು ಹಿಡಿಸುವುದಿಲ್ಲ. ಮನೆ ಖಾಲಿ ಮಾಡುವವರಿಂದ, ಗುಜರಿ ಅಂಗಡಿಗಳಿಂದ ಒಂದೊಂದಾಗಿ ಕೊಂಡು, ಹೊತ್ತು ತಂದು, ಒರೆಸಿ ಇಟ್ಟವರ ದುಡಿಮೆ ಅದರಲ್ಲಿ ಮರೆಯಾಗುತ್ತದೆ.

ಬೋಣಿ ಆಗದ ಹೊತ್ತಿನಲ್ಲಿ ಹೋದರೆ ಚೌಕಾಸಿ ಸಲೀಸು. ಆದರೆ ದೊಡ್ಡ ಸಾಮಾನಿಗೆ ಇಲ್ಲಿ ಜಾಗವಿಲ್ಲ. ಕುರ್ಚಿ, ಮೇಜು, ಬೀರು ಬೇಕೆಂದರೆ ಶಿವಾಜಿನಗರದ ಕಡೆ, ರಸೆಲ್ ಮಾರ್ಕೆಟ್ಟಿನ ಸುತ್ತಲ ಗಲ್ಲಿಗಳನ್ನು ಸುತ್ತಬೇಕು. ಬ್ರಿಟಿಷರು ಬೆಂಗಳೂರಿನಲ್ಲಿ ದಂಡು ಕಟ್ಟಿದ್ದು 1809ರಲ್ಲಿ. ಅಧಿಕಾರಿಗಳು ಊರು ಬಿಡುವಾಗ ಮನೆ ಸಾಮಾನು ಹರಾಜಿಗೆ ಬರುತ್ತಿತ್ತು. ಆ ಕುರ್ಚಿ ಮೇಜುಗಳ ಮಾದರಿ ಸೀಮೆಯದು. ಮರವೂ ಬಡಗಿಯ ಕೈಯೂ ನಮ್ಮವು. ಬೀಟೆ, ತೇಗ, ಕೆಲವೊಮ್ಮೆ ಹಲಸು. ಕಾಲು ಚಾಚಲು ತೋಳುಗಳನ್ನೇ ಉದ್ದಕ್ಕೆ ಎಳೆದ ಆರಾಮ ಕುರ್ಚಿಗಳು ಕಾಫಿ ತೋಟದ ಬಂಗಲೆಗಳಲ್ಲಿ ಇವತ್ತಿಗೂ ಇವೆ. ಬಂಗಲೆ ಕೆಡವಿ ಅಪಾರ್ಟ್‌ಮೆಂಟ್ ಎದ್ದಾಗ, ಲಿಫ್ಟಿಗೆ ಹಿಡಿಸದ ಬೀರು ಗುಜರಿಯ ಗಾಡಿ ಹತ್ತುತ್ತದೆ.

ಇಂಥದ್ದು ಕಣ್ಣಿಗೆ ಬಿದ್ದರೆ ಮೊದಲು ಮಗುಚಿ ನೋಡಿ. ಮುಂಭಾಗಕ್ಕೆ ಯಾರು ಬೇಕಾದರೂ ಬಣ್ಣ ಹಚ್ಚಬಹುದು. ಬಡಗಿ ಯಾರಿಗೂ ಕಾಣದೆಂದು ಬಿಟ್ಟ ಕಡೆ ಮರ ತನ್ನ ವಯಸ್ಸು ಹೇಳುತ್ತದೆ. ಡ್ರಾಯರನ್ನು ಪೂರ್ತಿ ಹೊರಗೆಳೆಯಿರಿ. ಮೂಲೆಯಲ್ಲಿ ಹಲಗೆಗಳು ಹಲ್ಲಿಗೆ ಹಲ್ಲು ಕಚ್ಚಿಕೊಂಡಿದ್ದು, ಆ ಹಲ್ಲುಗಳು ಒಂದರಂತೆ ಒಂದಿಲ್ಲದಿದ್ದರೆ ಅದು ಕೈಗರಗಸದ ಕೆಲಸ. ನೂರೈವತ್ತು ವರ್ಷ ಹಳೆಯದು ಎಂದು ಹೇಳಿದ ಮೇಜಿನಲ್ಲಿ ಪ್ಲಸ್ ತಲೆಯ ಸ್ಕ್ರೂ ಕಂಡರೆ ನಿಂತು ಯೋಚಿಸಿ. ಆ ಬಗೆಯ ಸ್ಕ್ರೂ ಬಂದದ್ದೇ 1930ರ ದಶಕದಲ್ಲಿ. ಒಂದೋ ರಿಪೇರಿ ಆಗಿದೆ, ಇಲ್ಲವೇ ಮಾತು ಸುಳ್ಳು. ಇನ್ನು ದುಂಡು ಮೇಜಿಗೆ ಟೇಪು ಹಿಡಿಯಿರಿ. ಮರ ಎಳೆಯ ಉದ್ದಕ್ಕೆ ಹೆಚ್ಚು ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಹಾಗಾಗಿ ಹಳೆಯ ದುಂಡು ಮೇಜು ಸ್ವಲ್ಪ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಕಾಲಿನ ಬುಡದಲ್ಲಿ ಹಿಟ್ಟಿನಂಥ ಪುಡಿ ಹೊಸದಾಗಿ ಉದುರಿದ್ದರೆ ಒಳಗೆ ಕುಟ್ಟೆ ಹುಳು ಜೀವಂತ ಇದೆ. ಎಷ್ಟೇ ಚೆಂದವಿದ್ದರೂ ಅದನ್ನು ಮನೆಗೆ ತರಬೇಡಿ, ಉಳಿದ ಮರವನ್ನೂ ತಿನ್ನುತ್ತದೆ.

ಹಳೇ ಪಾಲಿಶ್ ಎಂದರೆ ಅರಗು. ಮರದ ಕೊಂಬೆಗಳ ಮೇಲೆ ಪುಟ್ಟ ಕೀಟ ಸುರಿಸಿದ ಅಂಟನ್ನು ಶುದ್ಧ ಮಾಡಿ, ಚಕ್ಕೆಯಾಗಿಸಿ, ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಪದರ ಪದರವಾಗಿ ತಿಕ್ಕುತ್ತಾರೆ. ಬಿಸಿ ಕಾಫಿ ಲೋಟ ಇಟ್ಟ ಕಡೆ ಬಿಳಿ ಬಳೆ ಮೂಡಿದರೆ ಅದು ಬಹುಮಟ್ಟಿಗೆ ಅರಗೇ. ಚನ್ನಪಟ್ಟಣದ ಗೊಂಬೆ ತಿರುಗುವಾಗ ಒತ್ತುವ ಬಣ್ಣದ ಕಡ್ಡಿಯೂ ಅರಗಿನದು. ಸಂಡೇ ಬಜಾರಿನಲ್ಲಿ ರಾಶಿ ಬಿದ್ದ, ನಿಮಿಷಕ್ಕೆ 78 ಸುತ್ತಿನ ಹಳೇ ಗ್ರಾಮಫೋನ್ ತಟ್ಟೆಗಳಲ್ಲೂ ಕಲ್ಲುಪುಡಿಯನ್ನು ಹಿಡಿದಿಟ್ಟಿರುವುದು ಅರಗೇ. ಅದಕ್ಕೇ ಕೈಜಾರಿದರೆ ಹಂಚಿನ ಹಾಗೆ ಒಡೆಯುತ್ತವೆ. ಒಂದೇ ಕೀಟದ ಅಂಟು ಕುರ್ಚಿಗೆ ಹೊಳಪಾಗಿ, ಮಗುವಿಗೆ ಬಣ್ಣವಾಗಿ, ಹಾಡಿಗೆ ಒಡಲಾಗಿ ಬಂದದ್ದು ಗೊತ್ತಾದ ದಿನದಿಂದ ಅರಗಿನ ವಾಸನೆ ಬಂದ ಅಂಗಡಿಯ ಮುಂದೆ ನಾನು ನಿಲ್ಲದೆ ಹೋದದ್ದಿಲ್ಲ.

ಗ್ರಾಮಫೋನ್ ವಿಷಯದಲ್ಲಿ ಒಂದು ಎಚ್ಚರಿಕೆ. ಫಳಫಳ ಹೊಳೆಯುವ ಹಿತ್ತಾಳೆ ಕಹಳೆ, ನಾಯಿಯ ಚಿತ್ರದ ಹೊಸ ತಗಡು ಇರುವುದು ಬಹುಪಾಲು ಜೋಡಣೆಯ ಮಾಲು. ಕಹಳೆ ಪೆಟ್ಟಿಗೆಯೊಳಗೇ ಅಡಗಿದ್ದ ಸೂಟ್‌ಕೇಸ್ ಮಾದರಿಯ ಯಂತ್ರ ಬಿಚ್ಚಿ, ಹೊಸ ಪೆಟ್ಟಿಗೆಗೆ ಕೂರಿಸಿರುತ್ತಾರೆ. ಅಲಂಕಾರಕ್ಕೆ ಕೊಳ್ಳಿ, ಹಳೆಯದರ ಬೆಲೆ ಕೊಡಬೇಡಿ. ನಿಜಕ್ಕೂ ನೂರು ವರ್ಷ ದಾಟಿದ ಕಲಾವಸ್ತು ಸಿಕ್ಕರೆ, 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ಅದನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಹೊರದೇಶದ ಮಕ್ಕಳಿಗೆಂದು ಕೊಳ್ಳುವವರು ಇದನ್ನು ನೆನಪಿಡಬೇಕು.

ಕಳೆದ ಮಳೆಗಾಲದಲ್ಲಿ ನನಗೆ ಸಿಕ್ಕಿದ್ದು ಬೆತ್ತ ಕಿತ್ತುಹೋದ ಒಂದು ಬೀಟೆ ಕುರ್ಚಿ. ಪ್ಲೈವುಡ್ ಹೊಡೆದು ಮುಗಿಸಿ ಎಂದವರೇ ಹೆಚ್ಚು. ನನಗೆ ಮನಸ್ಸು ಬರಲಿಲ್ಲ. ಬೆತ್ತ ಹೆಣೆಯುವ ಹಿರಿಯರೊಬ್ಬರನ್ನು ಹುಡುಕಿಕೊಂಡು ಹೋದೆ. ಅವರಿಗೆ ಕಣ್ಣು ಕಾಣುವುದಿಲ್ಲ. ಸರ್ಕಾರಿ ಕಚೇರಿಯ ಕುರ್ಚಿಗಳನ್ನು ಹೆಣೆದೇ ಸಂಸಾರ ನಡೆಸಿದವರು. ಚೌಕಟ್ಟಿನ ತೂತುಗಳ ಮೇಲೆ ಬೆರಳಾಡಿಸಿ, ಎಣಿಸಿ, ಒಂದು ತೂತು ಮುಚ್ಚಿಹೋಗಿದೆ ಎಂದು ಅವರೇ ತೋರಿಸಿದರು, ನಾನು ನೋಡಿರಲಿಲ್ಲ. ನೀರಲ್ಲಿ ನೆನೆಸಿದ ಬೆತ್ತವನ್ನು ನೇರ, ಅಡ್ಡ, ಕೊನೆಗೆ ಓರೆಯಾಗಿ ಎಳೆದು ಎರಡು ದಿನದಲ್ಲಿ ಮುಗಿಸಿದರು. ಕೂರಲು ಹೋದೆ, ತಡೆದರು. ಒದ್ದೆ ಬೆತ್ತ ಒಣಗುತ್ತಾ ತಾನಾಗಿ ಬಿಗಿದುಕೊಳ್ಳಬೇಕು, ಅಲ್ಲಿಯವರೆಗೆ ಭಾರ ಬಿದ್ದರೆ ಜೋಲುತ್ತದಂತೆ. ಆ ರಾತ್ರಿ ಕುರ್ಚಿ ಅವರ ಜಗಲಿಯಲ್ಲೇ ಉಳಿಯಿತು.